ಕೊನೆಯ ಎರಡು ಅಂಕಿ

ಎಂಜಿನ್ ಒಡೆದ ದಿನವೇ ಮುನಿಕೃಷ್ಣಮ್ಮನ ಹಲ್ಲೂ ಒಡೆಯಿತು. ಎರಡಕ್ಕೂ ಕಾರಣ ನೀರು.

ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಸೀಟಿನ ಕೆಳಗಿನ ಬಿಸಿ ಮೊದಲು ತಿಳಿದದ್ದು ಅವಳ ತೊಡೆಗೆ. ಆ ಪುಟ್ಟ ಗೂಡ್ಸ್ ಗಾಡಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ. ಎಂಟು ವರ್ಷ ಅದರ ಮೇಲೆ ಕೂತು ಕೊಡಿಗೇಹಳ್ಳಿಯಿಂದ ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ಹೋಗಿ ಬಂದವಳಿಗೆ, ಒಲೆಯ ಮೇಲಿನ ಎಸರು ಯಾವಾಗ ಉಕ್ಕುತ್ತದೆಂದು ಗೊತ್ತಿರುವ ಹಾಗೆ ಅದರ ಬಿಸಿಯ ಹದವೂ ಗೊತ್ತಿತ್ತು.

“ರೇಡಿಯೇಟ್ರಿಗೆ ನೀರಾಕಿದ್ಯಾ?” ಎಂದಳು.

“ನೀನು ಸಾರಿಗೆ ಉಪ್ಪಾಕಿದ್ಯಾ ನೋಡ್ಕೊ ಓಗು,” ಎಂದ ಅವಳ ಗಂಡ ಲಕ್ಕಣ್ಣ, ಗೇರು ಎಳೆಯುತ್ತಾ.

ಏರು ಮುಗಿಯುವ ಮೊದಲೇ ಸೀಟಿನಡಿ ಢಬ್ ಎಂದಿತು. ಬಿಳಿ ಹೊಗೆ ಕ್ಯಾಬಿನ್ನಿನೊಳಗೆ ತುಂಬಿತು. ಗಾಡಿ ನಿಂತಿತು. ಹಿಂದೆ ಬಸ್ಸು, ಕಾರು, ಏರ್‌ಪೋರ್ಟಿನ ಟ್ಯಾಕ್ಸಿಗಳು ಒಟ್ಟಿಗೇ ಹಾರನ್ ಹೊಡೆಯತೊಡಗಿದವು. ಲಕ್ಕಣ್ಣ ಕೆಳಗಿಳಿದು, ಸುತ್ತು ಹಾಕಿ ಅವಳ ಬದಿಯ ಬಾಗಿಲು ತೆರೆದ. ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು.

“ಬಾಯ್ ಬುಟ್ಯಲ್ಲ, ನಿನ್ ಬಾಯಿಂದಾನೇ ಒಡೀತು ನೋಡು,” ಎಂದು ಆ ಬಾಯಿಗೇ ಬೀಸಿದ.

ಮುಂದಿನ ಹಲ್ಲಿನ ಅರ್ಧ ತುಂಡು ನಾಲಿಗೆಯ ಮೇಲೆ ಬಂತು. ಹಿಂದೆ ನೂರಿಪ್ಪತ್ತು ಮುದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದವು, ಹುರುಳಿಕಾಳಿನ ಸಾರು ಎರಡು ಡಬರಿ, ಅನ್ನ ಒಂದು ಡಬರಿ. ಹನ್ನೊಂದು ಗಂಟೆಗೆ ಯಾರ್ಡಿನ ಹಮಾಲರು ಮೂಟೆ ಇಳಿಸಿ ಬಂದು ಕೈ ತೊಳೆದು ನಿಲ್ಲುತ್ತಾರೆ. ಅವಳು ತುಂಡನ್ನು ಸೆರಗಿಗೆ ಉಗಿದು, ಗಂಟು ಹಾಕಿ, ಕೈಯೆತ್ತಿ ಒಂದು ಖಾಲಿ ಲಗೇಜ್ ಆಟೋ ನಿಲ್ಲಿಸಿದಳು. ಡಬರಿಗಳನ್ನು ಒಬ್ಬಳೇ ಇಳಿಸಿ, ಒಬ್ಬಳೇ ಏರಿಸಿದಳು. ಅಂದು ಬಾಯಿಗೆ ಸೆರಗು ಒತ್ತಿಕೊಂಡೇ ಎಲ್ಲರಿಗೂ ಬಡಿಸಿದಳು.

“ಏನಕ್ಕಾ, ಹಲ್ನೋವಾ?” ಎಂದ ಒಬ್ಬ ಹಮಾಲ. “ಲವಂಗ ಇಟ್ಕೊಳಿ.”

ಫ್ಲೈಓವರ್ ಮೇಲೆ ಲಕ್ಕಣ್ಣ ಎಳೆದೊಯ್ಯುವ ಗಾಡಿಗೆ ಕಾಯುತ್ತಾ, ನಿಂತವರಿಗೆಲ್ಲ ಹೇಳುತ್ತಿದ್ದ: “ಎಂಟ್ ವರ್ಷ ಒಬ್ನೇ ದುಡಿದು ಸಾಕಿದ ಗಾಡಿ ಕಣ್ರೀ ಇದು.”

ಗಾಡಿಯ ಹಣೆಯ ಮೇಲೆ ‘ಲಕ್ಕಣ್ಣ ಮುದ್ದೆ ಮನೆ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಲಕ್ಕಣ್ಣ ತನ್ನ ಜನ್ಮದಲ್ಲಿ ಒಂದು ಮುದ್ದೆ ಕಟ್ಟಿದವನಲ್ಲ. ಕೋಳಿ ಕೂಗುವ ಮುಂಚೆ ಎದ್ದು ಹಿತ್ತಲಿನ ನಾಲ್ಕು ಒಲೆ ಹೊತ್ತಿಸುವವಳು ಅವಳು. ಹಿಂದಿನ ಸಂಜೆಯೇ ಕಾಳು ನೆನೆ ಹಾಕಿ, ಈರುಳ್ಳಿ ಹೆಚ್ಚಿ, ಖಾರ ರುಬ್ಬಿ ಇಟ್ಟಿರಬೇಕು. ಎಸರಿಗೆ ಹಿಟ್ಟು ಸುರಿದ ಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಮುದ್ದೆಕೋಲಿನಲ್ಲಿ ತಿರುವಬೇಕು. ಗಂಟಾದರೆ ಹಮಾಲರು ಬಯ್ಯುವುದಿಲ್ಲ, ಸುಮ್ಮನೆ ಮರುದಿನದಿಂದ ಬೇರೆ ಗಾಡಿಗೆ ಹೋಗುತ್ತಾರೆ. ಬಿಸಿ ಹಿಟ್ಟನ್ನು ಒದ್ದೆ ಅಂಗೈಯಲ್ಲಿ ಉರುಟಿ ಉರುಟಿ ಅವಳ ಕೈಯ ಗೆರೆಗಳೇ ಅಳಿಸಿಹೋಗಿದ್ದವು. ಆಧಾರ್ ಕೇಂದ್ರದ ಯಂತ್ರ ಅವಳ ಬೆರಳನ್ನು ಮೂರು ಸಲ ಒಪ್ಪಿರಲಿಲ್ಲ. ಬಡಿಸಿ ಬಂದ ಮೇಲೆ ಅಷ್ಟೂ ಪಾತ್ರೆ ತಿಕ್ಕುವುದು ಇದ್ದೇ ಇತ್ತು. ಲಕ್ಕಣ್ಣನ ಕೆಲಸ ಎರಡು: ಗಾಡಿ ಓಡಿಸುವುದು, ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು “ಊಟ ಹೆಂಗೈತೆ ಗುರೂ?” ಎಂದು ಕೇಳುವುದು. ಜನ ಚೆನ್ನಾಗಿದೆ ಎಂದರೆ ಆ ಮಾತನ್ನು ಅವನೇ ಇಟ್ಟುಕೊಳ್ಳುತ್ತಿದ್ದ.

ಆದರೆ ಆರ್‌ಸಿಯಲ್ಲಿದ್ದದ್ದು ಅವಳ ಹೆಸರು. ಹೆಂಗಸರ ಹೆಸರಿಗಾದರೆ ಸಾಲ ಬೇಗ ಸಿಗುತ್ತದೆ ಎಂದು ಮಹಿಳಾ ಸಂಘದವರು ಹೇಳಿದ್ದರಿಂದ ಲಕ್ಕಣ್ಣನೇ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದ. ಫೋನ್ ನಂಬರ್ ಎಂಬ ಕಡೆ ಮಾತ್ರ ತನ್ನದನ್ನು ಕೊಟ್ಟಿದ್ದ. ಹೆಸರು ಹೆಂಗಸಿನದು, ಫೋನು ಗಂಡಸಿನದು. ನಮ್ಮ ಕಡೆ ಎಷ್ಟೋ ಆಸ್ತಿಗಳು ಹೀಗೇ ಹೆಂಗಸರ ಕೈಗೆ ಬಂದಿವೆ, ಹೀಗೇ ಕೈಗೆ ಸಿಗದೆ ಉಳಿದಿವೆ.

ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ ಮುಕ್ತಾರ್ ಎಂಬವನ ಗ್ಯಾರೇಜು. ಸೀಟು ಎತ್ತಿ ನೋಡಿದವನೇ ತಲೆಯಾಡಿಸಿದ. ಬ್ಲಾಕ್ ಸೀಳಿತ್ತು. ರಿಪೇರಿಯ ಮಾತೇ ಇಲ್ಲ, ಬೇರೆ ಎಂಜಿನ್ನೇ ಕೂರಿಸಬೇಕು. ಹಿಂದಿನಿಂದ ಲಾರಿ ಗುದ್ದಿ ನುಜ್ಜುಗುಜ್ಜಾದ ಇದೇ ಜಾತಿಯ ಗಾಡಿಯೊಂದರ ಎಂಜಿನ್ ಅವನ ಬಳಿ ಇತ್ತು. ಚೈನಿನಿಂದ ಎತ್ತಿ ಹಳೆಯದನ್ನು ಹೊರಗೆಳೆದಾಗ ಕರಿ ಎಣ್ಣೆ ಸುರಿಯುತ್ತಾ ಅದು ತೂಗಾಡಿತು. ಹೊಟ್ಟೆ ಸೀಳಿದ ಕುರಿಯ ಹಾಗೆ ಕಂಡು ಮುನಿಕೃಷ್ಣಮ್ಮ ಮುಖ ತಿರುಗಿಸಿದಳು.

ಮುಕ್ತಾರನ ಹೆಂಡತಿ ಅಸ್ಮಾ ಬಿಲ್ ಪುಸ್ತಕ ತಂದು ಕೂತು, “ಹೆಸ್ರು ಹೇಳಿ,” ಎಂದಳು.

“ಲಕ್ಕಣ್ಣ,” ಎಂದ ಲಕ್ಕಣ್ಣ.

ಮುಕ್ತಾರ್ ಆರ್‌ಸಿ ನೋಡಿದ. “ಅಕ್ಕಾ, ಓನರ್ ನೀವಲ್ವಾ?”

“ಅವಳ್ ಎಸ್ರಲ್ಲೈತೆ, ಅಷ್ಟೆ. ಓನರ್ ನಾನು.”

“ಲಕ್ಕಣ್ಣಾ, ಆರ್‌ಟಿಒದವ್ರ ಕಣ್ಣಿಗೆ ಆ ‘ಅಷ್ಟೆ’ ಕಾಣ್ಸಲ್ಲ.” ಅಸ್ಮಾ ನಗು ತಡೆದುಕೊಂಡು ಮುನಿಕೃಷ್ಣಮ್ಮನ ಹೆಸರು ಬರೆದಳು.

ಮುಕ್ತಾರ್ ಮುನಿಕೃಷ್ಣಮ್ಮನನ್ನು ಹತ್ತಿರ ಕರೆದು, ಟಾರ್ಚ್ ಬಿಟ್ಟು, ಹೊಸ ಎಂಜಿನ್ನಿನ ಬದಿಯಲ್ಲಿ ಕೊರೆದ ಅಕ್ಷರ ಅಂಕಿಗಳ ಸಾಲು ತೋರಿಸಿದ. ಅವಳ ಅಂಗೈಯಷ್ಟೂ ಉದ್ದವಿರಲಿಲ್ಲ ಅದು.

“ಇದೇ ಇದರ ಜಾತಕ ಅಕ್ಕಾ. ಆರ್‌ಸಿಯಲ್ಲಿ ಹಳೇ ನಂಬರ್ ಇದೆ. ಈ ಬಿಲ್ಲು, ಆ ಲಾರಿ ಗುದ್ದಿದ ಗಾಡಿದು ರದ್ದಾದ ಪೇಪರ್, ಬ್ಯಾಂಕಿಂದ ಒಪ್ಪಿಗೆ ಪತ್ರ, ಇಷ್ಟು ಇಟ್ಟು ಅರ್ಜಿ ಹಾಕಿ. ಗಾಡಿ ತಗೊಂಡು ನೀವೇ ಆರ್‌ಟಿಒಗೆ ಹೋಗ್ಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಕಣ್ಣಾರೆ ನಂಬರ್ ನೋಡಿ, ಹೊಸದನ್ನ ಆರ್‌ಸಿಗೆ ಏರಿಸ್ತಾರೆ.”

“ಅದೆಲ್ಲಾ ಯಾಕೆ?” ಎಂದ ಲಕ್ಕಣ್ಣ. “ನಮ್ ಆಂಜಿನಪ್ಪಂಗೆ ಏಳಿದ್ರೆ ಅತ್ ನಿಮಿಷದ ಕೆಲ್ಸ. ಇದನ್ನ ಉಜ್ಜಾಕಿ ಅಳೇ ನಂಬರ್ ಕೊರೀತಾನೆ. ಆರ್‌ಸಿ ಮುಟ್ಟೋದೇ ಬ್ಯಾಡ.”

ಮುಕ್ತಾರ್ ಟಾರ್ಚ್ ಆರಿಸಿದ. “ಈ ನಂಬರ್ ಇರೋ ತನಕ ಇದು ಅಕ್ಕನ ಎಂಜಿನ್. ಉಜ್ಜಿದ್ರೆ ಕಳ್ ಮಾಲು. ಎಲ್ಲಾದ್ರೂ ಸಿಕ್ಕಿಬಿದ್ರೆ ಗಾಡಿ ಸ್ಟೇಷನ್ ಮುಂದೆ ತುಕ್ಕು ಹಿಡಿಯುತ್ತೆ. ಕೇಸ್ ನಿನ್ ಮೇಲಲ್ಲ ಲಕ್ಕಣ್ಣಾ, ಅಕ್ಕನ ಮೇಲೆ.”

ಮನೆಯ ಬಾಗಿಲು ಹಾಕಿದ ಮೇಲೆ ಲಕ್ಕಣ್ಣ ಅವಳ ಜುಟ್ಟು ಹಿಡಿದು ಗೋಡೆಗೆ ಎರಡು ಸಲ ಗುದ್ದಿಸಿದ. “ಆಫೀಸಲ್ಲಿ ‘ಮುನಿಕೃಷ್ಣಮ್ಮ ಯಾರು’ ಅಂತ ಕೂಗ್ತಾರೆ. ನಾನು ಇಂದೆ ಫೈಲ್ ಇಡ್ಕೊಂಡ್ ನಿಂತ್ಕೋಬೇಕಾ? ಬಾಯ್ ಬುಡು, ನಿಂತ್ಕೋಬೇಕಾ?”

ಸಾಲ ತರುವಾಗ ಬೇಕಾಗಿದ್ದ ಹೆಸರು, ಕೂಗುವಾಗ ಬೇಡವಾಗಿತ್ತು. ಗೋಡೆಗೆ ಅಂಟಿದ ರಕ್ತವನ್ನು ಅವನು ಉಂಡು ಎದ್ದ ಮೇಲೆ ಅವಳೇ ಒರೆಸಿದಳು.

ಒರೆಸುತ್ತಲೇ ತೀರ್ಮಾನ ಮಾಡಿದಳು. ಗಾಡಿ ಹೋದರೆ ಯಾರ್ಡಿನ ಜಾಗ ಹೋಗುತ್ತದೆ, ಜಾಗ ಹೋದರೆ ಅವಳು ಈ ನಾಲ್ಕು ಒಲೆಯ ನಡುವೆ ಬರೀ ಹೊಡೆತ ತಿನ್ನುವವಳಾಗಿ ಉಳಿಯುತ್ತಾಳೆ. ಅವಳ ಮಗಳು ಸಂಯುಕ್ತಾ ಎರಡನೇ ಪಿಯುಸಿ ಓದುತ್ತಿದ್ದಳು. ಅಪ್ಪನ ಧ್ವನಿ ಏರಿದರೆ ಪುಸ್ತಕ ಮುಚ್ಚದೆ ಕಿವಿ ಮಾತ್ರ ಮುಚ್ಚಿಕೊಳ್ಳುವುದನ್ನು ಹತ್ತನೇ ವಯಸ್ಸಿಗೇ ಕಲಿತವಳು. ಅವಳೇ ತನ್ನ ಮೊಬೈಲಿನಲ್ಲಿ ಅರ್ಜಿ ತುಂಬಿದಳು. ಎಲ್ಲಾ ಕಾಗದ ಸೇರಿಸಿದ ಮೇಲೆ ಅದು ಓಟಿಪಿ ಕೇಳಿತು. ಓಟಿಪಿ ಬರುವುದು ಲಕ್ಕಣ್ಣನ ಫೋನಿಗೆ.

ಲಕ್ಕಣ್ಣ ಊಟ ಮಾಡಿ ಮೂರರಿಂದ ಐದರವರೆಗೆ ಮಲಗುತ್ತಿದ್ದ. ಅದು ಅವಳು ಪಾತ್ರೆ ತಿಕ್ಕುವ ಹೊತ್ತು. ಅಂದು ಸಂಯುಕ್ತಾ ಹಿತ್ತಲಿನಲ್ಲಿ ಕೂತು ಜೋರಾಗಿ ಪಾತ್ರೆ ತಿಕ್ಕಿದಳು, ಅಮ್ಮನೇ ತಿಕ್ಕುತ್ತಿದ್ದಾಳೆ ಎಂದು ಕೇಳಿಸುವ ಹಾಗೆ. ಮುನಿಕೃಷ್ಣಮ್ಮ ಗಂಡನ ದಿಂಬಿನ ಪಕ್ಕದಿಂದ ಫೋನು ಎಳೆದು, ಆರು ಅಂಕಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹಿತ್ತಲಿಗೆ ಬಂದು ಮಗಳ ಕಿವಿಯಲ್ಲಿ ಉಸುರಿದಳು.

“ಹೋಯ್ತಮ್ಮ,” ಎಂದಳು ಸಂಯುಕ್ತಾ. “ಓನರ್ ಅಪ್ಲಿಕೇಶನ್ ಸಕ್ಸಸ್ ಅಂತ ಬಂದಿದೆ.”

“ಯಾರ್ ಎಸ್ರು ಬಂದೈತೆ?”

“ನಿಂದೇ ಅಮ್ಮ. ಇನ್ಯಾರ್ದು ಬರುತ್ತೆ?”

ಬಂದ ಮೆಸೇಜನ್ನು ಅವರು ಅಳಿಸಿದರು. ಸರ್ಕಾರ ಇನ್ನೊಂದು ಮೆಸೇಜು ಕಳಿಸುತ್ತದೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಶನಿವಾರ ಅದು ಬಂತು: ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಾಹನವನ್ನು ತಪಾಸಣೆಗೆ ತನ್ನಿ. ಲಕ್ಕಣ್ಣ ಅದನ್ನು ಟೀ ಅಂಗಡಿಯಲ್ಲಿ ಓದಿಸಿಕೊಂಡ. ಮನೆಗೆ ಬಂದು ಕೈ ತೊಳೆದು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, “ಖಾರ ಚೆನ್ನಾಗೈತೆ,” ಎಂದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನು ಅಡುಗೆ ಹೊಗಳಿದ್ದ.

ಭಾನುವಾರ ಯಾರ್ಡಿಗೆ ರಜೆ. ಅವಳಿಗೆ ರಾಗಿ ಬೀಸಿಸುವ, ವಾರದ ಬಟ್ಟೆ ಒಗೆಯುವ ದಿನ. ಮಧ್ಯಾಹ್ನ ಒಗೆಯುವ ಕಲ್ಲಿನ ಮೇಲೆ ಲಕ್ಕಣ್ಣನ ಪ್ಯಾಂಟು ಕುಕ್ಕುತ್ತಿದ್ದಾಗ, ಅಡುಗೆಮನೆಯ ಪ್ಲಗ್ಗಿನಿಂದ ಒಂದು ಹಳದಿ ವೈರು ಹೊರಟು ಬಾಗಿಲು ದಾಟಿ ಬೀದಿಗೆ ಹೋಗಿರುವುದು ಕಾಣಿಸಿತು. ಆ ಪ್ಲಗ್ಗಿನಲ್ಲಿ ಮಿಕ್ಸಿ ಬಿಟ್ಟರೆ ಬೇರೇನೂ ಯಾರೂ ಹಾಕುತ್ತಿರಲಿಲ್ಲ. ಆಮೇಲೆ ಶಬ್ದ ಕೇಳಿಸಿತು. ಕಬ್ಬಿಣವನ್ನು ಕಬ್ಬಿಣ ತಿನ್ನುವ ಶಬ್ದ.

ಒದ್ದೆ ಸೀರೆಯಲ್ಲೇ ಓಡಿದಳು. ಗಾಡಿಯ ಸೀಟು ಮೇಲೆತ್ತಿ ಕಂಬಿಗೆ ಹಗ್ಗ ಕಟ್ಟಿತ್ತು. ಗ್ರಿಲ್ ಕೆಲಸದ ಆಂಜಿನಪ್ಪ ಒಳಕ್ಕೆ ಬಗ್ಗಿ ಗ್ರೈಂಡರ್ ಹಿಡಿದಿದ್ದ. ಕಿಡಿಗಳು ಅವನ ಮೊಣಕೈ ದಾಟಿ ಹಾರುತ್ತಿದ್ದವು. ಲಕ್ಕಣ್ಣ ಟಾರ್ಚ್ ಹಿಡಿದು ನಿಂತಿದ್ದ.

“ನಿಲ್ಸೋ ಆಂಜಿನಪ್ಪ! ನಂಬರ್ ಮುಟ್ಬೇಡ್ವೋ!”

“ನೀನ್ ಮಾಡೋ,” ಎಂದ ಲಕ್ಕಣ್ಣ, ತಿರುಗದೆ. “ಅವ್ಳು ಬೊಗಳ್ತಾಳೆ.”

ಅವಳು ಆಂಜಿನಪ್ಪನ ಅಂಗಿ ಹಿಡಿದು ಎಳೆದಳು. ಲಕ್ಕಣ್ಣ ಅವಳ ಹೊಟ್ಟೆಗೆ ಒದ್ದ. ಅವಳು ಗಾಡಿಯ ಬಾಗಿಲಿಗೆ ಬಿದ್ದು, ಅದನ್ನೇ ಹಿಡಿದು ಎದ್ದು, ಮತ್ತೆ ಬಂದಳು. ಈ ಸಲ ಅವನು ಮುಖಕ್ಕೆ ಗುದ್ದಿದ, ಬಿದ್ದವಳ ಪಕ್ಕೆಗೆ ಚಪ್ಪಲಿ ಕಾಲಿನಲ್ಲಿ ತುಳಿದ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಬಟ್ಟೆ ಹಿಡಿದೇ ನಿಂತರು. ಕಿಡಿ ಹಾರುತ್ತಲೇ ಇತ್ತು. ನೆಲದಲ್ಲಿ ಬಿದ್ದವಳಿಗೆ ಹೊಳೆದದ್ದು ಒಂದೇ: ಹೊಡೆತ ತಪ್ಪಿಸಿಕೊಳ್ಳುತ್ತಾ ಕೂತರೆ ಅಂಕಿ ಉಳಿಯುವುದಿಲ್ಲ. ಅವಳು ಗಂಡನ ಕಾಲಿನ ಸಂದಿಯಿಂದ ತೆವಳಿ, ಗಾಡಿಯೊಳಗೆ ಮೈ ತೂರಿಸಿ, ಬಲಗೈಯನ್ನು ಚಾಚಿ ನಂಬರಿನ ಮೇಲೆ ಅಂಗೈ ಇಟ್ಟಳು.

ಆಂಜಿನಪ್ಪ ಗ್ರೈಂಡರ್ ಹಿಂದಕ್ಕೆಳೆಯುವಷ್ಟರಲ್ಲಿ ಚಕ್ರ ಅವಳ ಎರಡು ಬೆರಳಿನ ಮೇಲೆ ಹಾದಿತ್ತು.

ಮೊದಲು ಬಿಳಿ ಕಂಡಿತು, ಆಮೇಲೆ ಕೆಂಪು. ರಕ್ತ ಎಂಜಿನ್ನಿನ ಮೇಲೆ ಸುರಿದು, ಅಂಕಿಗಳ ಸಂದಿಗೆ ಇಳಿಯಿತು. ಆಂಜಿನಪ್ಪ “ಅಯ್ಯೋ ಶಿವನೇ” ಎಂದು ಗ್ರೈಂಡರ್ ಬಿಸಾಕಿ ಓಡಿಯೇ ಓಡಿದ, ಚಪ್ಪಲಿಯನ್ನೂ ಬಿಟ್ಟು.

ಲಕ್ಕಣ್ಣ ಗ್ರೈಂಡರ್ ಎತ್ತಿಕೊಂಡ. “ಕೈ ತೆಗಿ.”

“ತೆಗೆಯಕಿಲ್ಲ.”

“ಕೈ ತೆಗೀತೀಯೋ, ಕೈಯನ್ನೇ ತೆಗೀಲೋ?”

ಅವನು ಗುಂಡಿ ಒತ್ತಿದ. ಗ್ರೈಂಡರ್ ಒಮ್ಮೆ ಗುಂಯ್ ಎಂದು ಸತ್ತುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಸಂಯುಕ್ತಾ ಕಿತ್ತ ವೈರಿನ ತುದಿ ಹಿಡಿದು ನಿಂತಿದ್ದಳು.

“ನಿನ್ನಮ್ಮನ್ನ ಸುಟ್ಟು ನಿನ್ನೂ ಸುಡ್ತೀನಿ!” ಎಂದು ಕೂಗಿದ ಲಕ್ಕಣ್ಣ. ಯಂತ್ರ ಬಿಸಾಡಿ, ಆಂಜಿನಪ್ಪ ಬಿಟ್ಟುಹೋದ ಉಳಿ ಸುತ್ತಿಗೆ ತೆಗೆದುಕೊಂಡು, ಹೆಂಡತಿಯ ಕೈಯನ್ನು ಪಕ್ಕಕ್ಕೆ ತಿರುಚಿ, ನಂಬರಿನ ಮೇಲೆ ಉಳಿ ಇಡಲು ಬಗ್ಗಿದ. ಅವಳು ಎಡಗೈಯಲ್ಲಿ ಕಂಬಿಯ ಹಗ್ಗ ಜಗ್ಗಿದಳು. ಗಂಟು ಬಿಚ್ಚಿತು. ಸೀಟು ಅದರ ಕಬ್ಬಿಣದ ತಳದ ಸಮೇತ ಅವನ ಮುಂಗೈ ಮೇಲೆ ಕುಸಿಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಹಾರಿ ಅದರ ಮೇಲೆ ಕೂತಳು. ಮೂವತ್ತು ಸೇರು ಹಿಟ್ಟು ತಿರುವುವ ಮೈಯ ಭಾರವನ್ನೆಲ್ಲ ಹಾಕಿ ಕೂತಳು. ಕೆಳಗೆ ಏನೋ ಲಟಕ್ಕೆಂದದ್ದು ಅವಳ ತೊಡೆಗೆ ತಿಳಿಯಿತು.

ಲಕ್ಕಣ್ಣ ಕಿರುಚಿದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದವು. ಅವನು ಅತ್ತು ಗೋಗರೆದ ಮೇಲೆ ಅವಳು ಒಂದು ಬದಿ ಸರಿದಳು. ಕೈ ಎಳೆದುಕೊಂಡು ಅವನು ದೂರ ಹೋಗಿ ಮೋರಿಯ ಅಂಚಿನಲ್ಲಿ ಕೂತ. ಅವಳು ಮಾತ್ರ ಇಳಿಯಲಿಲ್ಲ. ಸಂಯುಕ್ತಾ ಹಳೇ ಲಂಗ ಹರಿದು ಬೆರಳಿಗೆ ಬಿಗಿದಳು, ಬಟ್ಟೆ ನೋಡನೋಡುತ್ತಲೇ ಒದ್ದೆಯಾಯಿತು.

“ಅಮ್ಮಾ, ಇಳಿಯಮ್ಮ, ಆಸ್ಪತ್ರೆಗೆ ಹೋಗೋಣ.”

“ನಾನ್ ಇಳಿದ್ರೆ ಅವ್ನು ಮತ್ತೆ ಗಾಡಿ ಅತ್ತತಾನೆ.”

ಪಕ್ಕದ ಮನೆಯ ಮುನಿವೆಂಕಟಮ್ಮ ಆಗ ಬಂದಳು. ಎಪ್ಪತ್ತು ದಾಟಿದ ಮುದುಕಿ. ಈ ಮನೆಯ ಗೋಡೆಯಾಚೆಯ ಪ್ರತಿ ಹೊಡೆತವನ್ನೂ ಕೇಳಿ, “ಗಂಡ ಅಂದ್ಮ್ಯಾಕೆ ಒಂದೇಟು ಬೀಳ್ತದೆ ಕಣವ್ವ,” ಎನ್ನುತ್ತಿದ್ದವಳು. ಈಗ ಬೆರಳು ನೋಡಿದಳು, ಎಲೆಯಡಿಕೆ ಉಗಿದಳು.

“ಸರಿ ಆ ಕಡೀಕೆ,” ಎಂದು ಸೊಂಟ ಹಿಡಿದುಕೊಂಡು ಗಾಡಿ ಹತ್ತಿದಳು. “ನಾನ್ ಕೂತಿರ್ತೀನಿ. ನೀನು ಕೈ ಒಲ್ಸ್ಕೊಂಡ್ ಬಾ. ಏಯ್ ಲಕ್ಕ, ನನ್ನ ಎತ್ತಾಕ್ತೀಯೇನ್ಲಾ? ಬಾ, ಮುಟ್ಟು ನೋಡಾಣ.”

ಲಕ್ಕಣ್ಣ ಮುಟ್ಟಲಿಲ್ಲ. ಊದಿದ ಕೈ ಹಿಡಿದುಕೊಂಡು ಯಲಹಂಕದ ಅಕ್ಕನ ಮನೆಗೆ ಬಸ್ಸು ಹತ್ತಿದ. ಹೋಗುವಾಗ ತಿರುಗಿ ಹೇಳಿದ: “ಆ ಆಫೀಸ್ ಮೆಟ್ಲು ಅತ್ತು, ಇಳಿಯೋಕೆ ಕಾಲಿರಕಿಲ್ಲ ನಿಂಗೆ.”

ಬೆರಳಿಗೆ ಹದಿನೇಳು ಹೊಲಿಗೆ ಬಿದ್ದವು. ನರ ಕಡಿದಿದೆ, ಎರಡು ಬೆರಳು ಮೊದಲಿನಂತೆ ಮಡಚುವುದಿಲ್ಲ ಎಂದರು ಡಾಕ್ಟರು. ಎಷ್ಟೋ ವರ್ಷದಲ್ಲಿ ಮೊದಲ ಸಲ, ಕೆಲಸದ ದಿನವಾದ ಆ ಸೋಮವಾರ ಬೆಳಿಗ್ಗೆ ಹಿತ್ತಲಿನ ಒಲೆ ಹೊತ್ತಲಿಲ್ಲ.

ಮುಕ್ತಾರ್ ಬಂದು ಗಾಡಿ ಓಡಿಸಿದ. ತಾಯಿ ಮಗಳು ಪಕ್ಕದಲ್ಲಿ ಕೂತರು. ಆರ್‌ಟಿಒ ಆವರಣದ ಬೇವಿನ ಮರದ ಕೆಳಗೆ ಸಾಲು ನಿಂತಿತ್ತು. ಒಬ್ಬ ಜವಾನ ಪಟ್ಟಿ ಹಿಡಿದು, “ಮುನಿಕೃಷ್ಣಮ್ಮ ಯಾರ್ರೀ?” ಎಂದು ಕೂಗಿದ. ಅವಳು ಕಟ್ಟಿದ ಕೈಯನ್ನೇ ಎತ್ತಿದಳು.

ಬ್ರೇಕ್ ಇನ್‌ಸ್ಪೆಕ್ಟರ್ ನಲವತ್ತರ ಆಸುಪಾಸಿನವನು, ಗಂಭೀರ. ಸೀಟು ಎತ್ತಿಸಿ, ಬಟ್ಟೆಯಿಂದ ಒರೆಸಿ, ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ. ಒಂದೊಂದೇ ಅಕ್ಷರ ಬೆಳ್ಳಗೆ ಮೂಡಿತು. ಕೊನೆಗೆ ಬಂದಾಗ ಪೆನ್ಸಿಲ್ ನುಣ್ಣಗೆ ಜಾರಿತು.

“ಕೊನೇ ಎರಡು ಅಂಕಿ ಇಲ್ವಲ್ಲಮ್ಮ.”

“ಅಲ್ಲೀಗಂಟ ಉಜ್ಜುಬುಟ್ರು ಸಾರ್. ಮಿಕ್ಕಿದ್ದಕ್ಕೆ ನಾನು ಕೈ ಮಡಗ್ದೆ.”

ಅವನು ಕೈ ನೋಡಿದ, ಬಿಲ್ಲು ನೋಡಿದ. “ಉಳಿದದ್ದು ಬಿಲ್ಲಿಗೆ ತಾಳೆಯಾಗುತ್ತೆ. ಆದ್ರೆ ತಿದ್ದಿದ ನಂಬರನ್ನ ನಾನು ಹಾಗೇ ಪಾಸ್ ಮಾಡೋ ಹಾಗಿಲ್ಲ. ಯಾರು ಅಳಿಸಿದ್ದು ಅಂತ ಪೊಲೀಸ್ ದೂರು ಕೊಡಿ. ಅದರ ಪ್ರತಿ ತಂದ್ರೆ ಮೇಲಿನವರಿಗೆ ಬರೀತೀನಿ, ಅವರು ಒಪ್ಪಿದ್ರೆ ಅಂಕಿ ಹೊಸದಾಗಿ ಕೊರೆಸಿ ಆರ್‌ಸಿ ಬದಲಾಯಿಸ್ಬಹುದು. ಯಾರೋ ಗೊತ್ತಿಲ್ಲ ಅಂತ ಬರೆಸ್ಬೇಡಿ. ಹಾಗೆ ಬರೆಸಿದ್ರೆ ಓನರ್ ಮೇಲೇ ಬರುತ್ತೆ, ಗಾಡಿ ಜಪ್ತಿಯಾಗುತ್ತೆ.” ಆಮೇಲೆ ಎಂಜಿನ್ನಿನ ಕಡೆ ಬಗ್ಗಿ, “ಇದೇನು ಕಂದು ಕಲೆ? ಆಯಿಲ್ ಅಲ್ವಲ್ಲ.”

“ರಕ್ತ ಸಾರ್.”

ಅವನು ತಲೆಯೆತ್ತದೆ ಅದನ್ನೂ ಟಿಪ್ಪಣಿಯಲ್ಲಿ ಬರೆದು ಅವಳ ಕೈಗೆ ಕೊಟ್ಟ.

ಪೊಲೀಸ್ ಸ್ಟೇಷನ್ನಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಅವಳ ಊದಿದ ಮುಖ ನೋಡಿದ ಕೂಡಲೇ ಪೆನ್ನು ಕೆಳಗಿಟ್ಟ. “ಗಂಡ ಹೆಂಡ್ತಿ ಜಗಳ ತಾನೆ? ಮನೇಲಿ ಕೂತು ಬಗೆಹರಿಸ್ಕೊಳಿ ತಾಯಿ. ಇವತ್ತು ಬರೆಸ್ತೀರಿ, ನಾಳೆ ವಾಪಸ್ ತಗೊಳಕ್ಕೆ ಬರ್ತೀರಿ.”

ಪಕ್ಕೆಲುಬು ಮುರಿದ ವರ್ಷ ಬಂದಾಗಲೂ ಅವಳಿಗೆ ಇದೇ ಮಾತು ಸಿಕ್ಕಿತ್ತು, ಜೊತೆಗೆ ಒಂದು ಲೋಟ ಟೀ. ಅಂದು ಟೀ ಕುಡಿದು ಮನೆಗೆ ಹೋಗಿ ಅಡುಗೆ ಮಾಡಿದ್ದಳು. ಇಂದು ಬ್ರೇಕ್ ಇನ್‌ಸ್ಪೆಕ್ಟರನ ಟಿಪ್ಪಣಿ ಮೇಜಿನ ಮೇಲಿಟ್ಟಳು.

ಹೆಡ್ ಕಾನ್ಸ್‌ಟೇಬಲ್ ಓದಿದ. ಬೆನ್ನು ನೆಟ್ಟಗಾಯಿತು. “ಎಂಜಿನ್ ನಂಬರ್ ಅಳಿಸಿದ್ದಾರಾ? ಅಯ್ಯೋ, ಇದು ಸೀರಿಯಸ್ ಮ್ಯಾಟರ್ ಕಣಮ್ಮ! ಕೂತ್ಕೊಳಿ, ಕೂತ್ಕೊಳಿ. ಲೇ, ಕುರ್ಚಿ ಕೊಡೋ ಅವರಿಗೆ.”

ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಎರಡು ಅಂಕಿ ಹೋದದ್ದಕ್ಕೆ ಸಿಕ್ಕ ಕುರ್ಚಿ. ಅವನು ಹೊಸ ಹಾಳೆ ತೆಗೆದು, ಕಾರ್ಬನ್ ಜೋಡಿಸಿ, ವಾಹನದ ನಂಬರು, ಚಾಸಿಸ್ ನಂಬರು, ಬಿಲ್ಲಿನ ತಾರೀಖು ಎಲ್ಲವನ್ನೂ ಒಂದು ಸೊನ್ನೆ ತಪ್ಪದಂತೆ ಇಳಿಸಿಕೊಂಡ. ಇಷ್ಟು ಗಮನ ಕೊಟ್ಟು ಯಾರೂ ಅವಳ ಯಾವ ಮಾತನ್ನೂ ಇದುವರೆಗೆ ಬರೆದುಕೊಂಡಿರಲಿಲ್ಲ.

“ಅಳಿಸಿದ್ದು ಯಾರು?”

ಮುಕ್ತಾರ್ ನೆಲ ನೋಡಿದ. ಸಂಯುಕ್ತಾ ಅಮ್ಮನನ್ನು ನೋಡಿದಳು. ಗಂಡನ ಹೆಸರು ಹೇಳಿದರೆ ಅವನು ಒಳಗೆ ಹೋಗುತ್ತಾನೆ. ಹೊರಗೆ ಬಂದ ದಿನ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು. ಮನೆ ಅವನ ಅಪ್ಪನದು, ಬೀದಿ ಅವನ ದಾಯಾದಿಗಳದು. ಹೇಳದಿದ್ದರೆ ಗಾಡಿ ಇಲ್ಲೇ, ಈ ಬಾಗಿಲ ಮುಂದೆ, ಚಕ್ರ ಕುಸಿದು ಮಣ್ಣಾಗುತ್ತದೆ. ಹೊರಗೆ ಅಂಥ ಗಾಡಿಗಳ ಸಾಲನ್ನು ದಾಟಿಕೊಂಡೇ ಅವಳು ಒಳಗೆ ಬಂದಿದ್ದಳು. ಒಂದರ ಸೀಟಿನಲ್ಲಿ ಬಳ್ಳಿ ಬೆಳೆದಿತ್ತು.

“ಲಕ್ಕಣ್ಣ,” ಎಂದಳು. “ಬಿನ್ ಮುನಿರಾಮಯ್ಯ. ನನ್ ಗಂಡ. ಗ್ರೈಂಡರ್ ಇಡಿದವ್ನು ಆಂಜಿನಪ್ಪ, ಇಡಿಸಿದವ್ನು ಇವ್ನು.”

ಅವನು ಬರೆದುಕೊಂಡ. ಇನ್ನೊಂದು ಪುಟ ತಿರುವಿದ. ಟಿಪ್ಪಣಿಯನ್ನು ಮತ್ತೆ ಓದಿ ತಡೆದ.

“ಎಂಜಿನ್ ಮೇಲೆ ರಕ್ತದ ಕಲೆ ಇದೆ ಅಂತ ಬರೆದಿದ್ದಾರೆ. ಯಾರದು ಅಂತ ನಮೂದಿಸ್ಬೇಕಾಗುತ್ತೆ. ಯಾರ ರಕ್ತ?”

“ನಂದು.”

“ಹೆಂಗ್ ಬಂತು ಅಲ್ಲಿಗೆ?”

ಅವಳು ಬಾಯಿ ತೆರೆದಳು. ಮೊದಲು ಬೆರಳಿನ ವಿಷಯ ಹೇಳಿದಳು. ಬೆರಳು ಅಲ್ಲಿಗೆ ಹೇಗೆ ಹೋಯಿತೆಂದು ಅವನು ಕೇಳಿದ. ನೆಲಕ್ಕೆ ಬಿದ್ದದ್ದನ್ನು ಹೇಳಬೇಕಾಯಿತು. ಬಿದ್ದದ್ದು ಯಾಕೆಂದು ಕೇಳಿದ, ಒದ್ದದ್ದನ್ನು ಹೇಳಬೇಕಾಯಿತು. ಅದಕ್ಕೆ ಮೊದಲು ಗೋಡೆಗೆ ಗುದ್ದಿಸಿದ್ದು, ಅದಕ್ಕೆ ಮೊದಲಿನದು, ಅದಕ್ಕೂ ಮೊದಲಿನದು. ಎಂಜಿನ್ನಿನ ಮೇಲಿನ ಒಂದು ಕಲೆಗೆ ಲೆಕ್ಕ ಕೊಡಲು ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಗಿತ್ತು. ಹೆಡ್ ಕಾನ್ಸ್‌ಟೇಬಲ್‌ನ ಪೆನ್ನು ಮೊದಲು ನಿಧಾನವಾಯಿತು, ನಿಂತಿತು, ಮತ್ತೆ ಓಡತೊಡಗಿತು. ಅವನು ಮೂರನೇ ಹಾಳೆಗೆ ಕಾರ್ಬನ್ ಇಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹೊರಗೆ ಗಾಡಿ ನಿಂತದ್ದು ಕಂಡು ಬಂದ ಲಕ್ಕಣ್ಣ ನಿಂತಿದ್ದ. ಬಲಗೈಗೆ ಬಿದಿರ ಪಟ್ಟಿ ಕಟ್ಟಿತ್ತು, ಎಡಗೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಅವನ ಕಣ್ಣು ಹೆಡ್ ಕಾನ್ಸ್‌ಟೇಬಲನನ್ನು ನೋಡಲೇ ಇಲ್ಲ.

“ಏಯ್, ಏಳ್ ಮೇಲೆ,” ಎಂದ. “ನಡಿ ಮನೇಗೆ.”

ಅವಳ ಬೆನ್ನು ಅಭ್ಯಾಸದಂತೆ ಮುದುಡಿಕೊಂಡಿತು, ಪಾದಗಳು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿದವು. ಚಪ್ಪಲಿ ಸಿಕ್ಕಿತು ಕೂಡ. ಅವಳು ಏಳಲಿಲ್ಲ. ಮೇಜಿನ ಮೇಲಿದ್ದ ಹಾಳೆಯ ಕಡೆಗೇ ಬಾಗಿ, ಕೊನೆಯ ಸಾಲನ್ನು ಎಡಗೈ ಬೆರಳಿನಿಂದ ಮುಟ್ಟಿ ಕೇಳಿದಳು:

“ಎಲ್ಲೀಗಂಟ ಬರ್ದ್ರಿ ಸಾರ್?”